ಬಡಾವಣೆಯ ತಾಯಂದಿರೊಡನೆ

(ಮಂಡ್ಯದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ಮದ್ದೂರಿನವರು ರೈಲಿನಲ್ಲಿ ಬಂದಿದ್ದೀರಿ. ಮಳವಳ್ಳಿಗೆ ರೈಲಿಲ್ಲ, ಅಲ್ಲಿಯವರು ಬಸ್ಸು ಹಿಡಿದು ಬಂದಿದ್ದೀರಿ. ಎಲ್ಲರೂ ಅಡಿಗೆ ಮುಗಿಸಿ, ಮನೆಯವರ ಅಪ್ಪಣೆ ಪಡೆದೇ ಬಂದಿದ್ದೀರೆಂಬುದನ್ನು ನಾವು ಬಲ್ಲೆವು. ನಮ್ಮ ಮಾತು ಆ ಅಪ್ಪಣೆಯನ್ನು ಕುರಿತದ್ದೇ.

ಮಂಡ್ಯದ ಬಡಾವಣೆಗಳಲ್ಲಿ ತಾರಸಿ ಮನೆಗಳೆದ್ದಿವೆ, ಗ್ಯಾಸಿನ ಒಲೆ ಬಂದಿದೆ. ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ತಾಯಂದಿರ ಮಕ್ಕಳು ನಾವು, ಸುಖವನ್ನು ಹೀಗಳೆಯುವುದಿಲ್ಲ. ಆದರೆ ಮಕ್ಕಳು ಶಾಲೆಗೆ, ಯಜಮಾನರು ಕಛೇರಿಗೆ ಹೋದ ಮೇಲೆ, ನಾನೂ ಏನೋ ಆಗಬೇಕೆಂದಿದ್ದೆನಲ್ಲ ಎಂಬ ಯೋಚನೆ ಬರುವುದಿಲ್ಲವೇ? ಬಂದೊಡನೆ, ವಯಸ್ಸಾಯಿತೆಂದು ತಳ್ಳಿಬಿಡುತ್ತೀರಿ.

ಇದೇ ಮಂಡ್ಯದಲ್ಲಿ ಹಿಂದೆ ಒಬ್ಬ ಗೃಹಿಣಿ ವಾಸವಾಗಿದ್ದರು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಹನ್ನೆರಡಕ್ಕೇ ಮದುವೆ, ಶಾಲೆ ಅಲ್ಲಿಗೆ ಮುಗಿಯಿತು. ಇಲ್ಲಿ ಅವರಿಗೆ ಕಾದಂಬರಿಗಾರ್ತಿ ತ್ರಿವೇಣಿಯವರ ಸ್ನೇಹವಾಯಿತು. ತ್ರಿವೇಣಿ ವಯಸ್ಸಿನಲ್ಲಿ ಹನ್ನೊಂದು ವರ್ಷ ಚಿಕ್ಕವರು, ಆದರೆ ಕಾಲೇಜು ಓದಿದವರು. ಆ ಸ್ನೇಹ ಧೈರ್ಯ ಕೊಟ್ಟಿತು. ನಲವತ್ತೈದರ ಸುಮಾರಿಗೆ ಆ ತಾಯಿ ಕಾದಂಬರಿಗೆ ಕೈಹಾಕಿದರು. 1963ರಲ್ಲಿ 'ತುಂಗಭದ್ರ' ಬಂತು. ಅವರೇ ಎಂ. ಕೆ. ಇಂದಿರಾ.

1976ರ ಅವರ 'ಫಣಿಯಮ್ಮ' ಓದದವರು ಓದಿರಿ. ಮಗುವಾಗಿದ್ದಾಗಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಒಂದು ಹೊತ್ತಿನ ಊಟದಲ್ಲಿ ಬಾಳು ಸವೆಸಿದವಳ ಕಥೆ. ಅದೇ ಫಣಿಯಮ್ಮ ಮುಪ್ಪಿನಲ್ಲಿ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ! ಇದು ಕಟ್ಟುಕಥೆಯಲ್ಲ. ಫಣಿಯಮ್ಮ ಹೇಳಿದ್ದನ್ನು ಇಂದಿರಾ ಅವರ ತಾಯಿ ಕೇಳಿದ್ದರು, ತಾಯಿಯಿಂದ ಮಗಳು ಕೇಳಿದಳು. ಮಗಳು ಲೇಖನಿ ಹಿಡಿಯದಿದ್ದರೆ ಅದು ಅಡಿಗೆಮನೆಯಲ್ಲೇ ಮಣ್ಣಾಗುತ್ತಿತ್ತು. ನಿಮ್ಮ ಅಜ್ಜಿಯರು ಹೇಳಿದ ಇಂಥವು ಎಷ್ಟಿವೆಯೋ!

ಎಲ್ಲರೂ ಕಾದಂಬರಿ ಬರೆಯಬೇಕಿಲ್ಲ. ಒಬ್ಬರಿಗೆ ಹಾಡು, ಒಬ್ಬರಿಗೆ ಅರ್ಧಕ್ಕೆ ಬಿಟ್ಟ ಪರೀಕ್ಷೆ. ತ್ರಿವೇಣಿಯಂಥ ಗೆಳತಿ ಬಾಗಿಲಿಗೆ ಬರುವಳೆಂದು ಕಾದು ಕೂರುವುದಾಗದು; ಆ ಕೆಲಸವನ್ನು ಸಂಘ ಮಾಡಬೇಕು. ಬಡಾವಣೆಗೊಂದು ವಾಚನಾಲಯ ಬೇಕು, ಹೆಂಗಸರಿಗೆ ಬಿಡುವಿರುವ ಮಧ್ಯಾಹ್ನವೇ ಅದು ತೆರೆದಿರಬೇಕು. ನಗರಸಭೆಗೆ ಅರ್ಜಿ ಸಿದ್ಧವಿದೆ, ರುಜು ಹಾಕಿರಿ. ಹಿಂದೆ ನಿಂತಿರುವ ಯಜಮಾನರುಗಳೇ, ಅನ್ನಕ್ಕೆ ಎಸರಿಡಲು ನೀವೂ ಕಲಿಯಿರಿ. ಅದಕ್ಕೆ ಮೆಟ್ರಿಕ್ ಪಾಸಾಗಬೇಕಿಲ್ಲ.

ಇನ್ನೊಂದು ಮಾತು, ಕಹಿಯಾದರೂ ಕೇಳಿರಿ. ನಿಮ್ಮ ಮಧ್ಯಾಹ್ನದ ಬಿಡುವು ಬಂದದ್ದು ಪಾತ್ರೆ ತೊಳೆಯುವ ಹೆಣ್ಣುಮಗಳ ದುಡಿಮೆಯಿಂದ. ಅವಳ ಬಿಡುವು ಎಲ್ಲಿ? ವಾರಕ್ಕೊಂದು ದಿನ, ಸಂಬಳ ಹಿಡಿಯದೆ, ಅವಳಿಗೆ ರಜೆ ಕೊಡುವವರು ಎಷ್ಟು ಮಂದಿ? ಕೈ ಎತ್ತಿರಿ, ನೋಡೋಣ.