ಹೊರಡುವ ಮುನ್ನ ಬೆಟ್ಟವನ್ನು ಕೇಳಿ

(ಉಪನ್ಯಾಸದ ಬರಹರೂಪ)



ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರಿಗೆ 1991ರಲ್ಲಿ ಒಂದು ಸಣ್ಣ ತಾಪತ್ರಯವಿತ್ತು. ಕಾಫಿ ಪಾತ್ರೆ ಇದ್ದದ್ದು ಒಂದು ಕೋಣೆಯಲ್ಲಿ, ಕುಡಿಯುವವರು ಕೂತಿದ್ದದ್ದು ಕಟ್ಟಡದ ಬೇರೆ ಬೇರೆ ಮೂಲೆಗಳಲ್ಲಿ. ಮೆಟ್ಟಿಲಿಳಿದು ಬಂದು ನೋಡಿದರೆ ಎಷ್ಟೋ ಸಲ ಪಾತ್ರೆ ಖಾಲಿ! ಕೊನೆಗೆ ಅವರು ಪಾತ್ರೆಯ ಎದುರಿಗೆ ಒಂದು ಕ್ಯಾಮೆರಾ ಇಟ್ಟು, ಅದರ ಚಿತ್ರ ಎಲ್ಲರ ಕಂಪ್ಯೂಟರ್ ಪರದೆಯ ಮೇಲೆ ಬರುವಂತೆ ಮಾಡಿದರು. 1993ರಲ್ಲಿ ಆ ಚಿತ್ರ ಅಂತರಜಾಲಕ್ಕೂ ಬಂತು. 2001ರ ಆಗಸ್ಟ್‌ನಲ್ಲಿ ಕ್ಯಾಮೆರಾವನ್ನು ನಿಲ್ಲಿಸಲಾಯಿತು. ವೆಬ್‌ಕ್ಯಾಮ್ ಎಂಬ ವಸ್ತು ಲೋಕಕ್ಕೆ ಬಂದದ್ದು ಹೀಗೆ. ಹೋಗಿ ಬರಿಗೈಯಲ್ಲಿ ವಾಪಸ್ಸಾಗಬಾರದು ಎಂಬುದಷ್ಟೇ ಅದರ ಉದ್ದೇಶವಾಗಿತ್ತು.

ಇದೇ ಉಪಾಯ ಮುಂದೆ ಬೆಟ್ಟ ಹತ್ತಿತು. ಅಮೆರಿಕದ ಗ್ರೇಟ್ ಸ್ಮೋಕಿ ಪರ್ವತಗಳಿಗೆ ಆ ಹೆಸರು ಬಂದಿರುವುದೇ ಹೊಗೆಯಂತೆ ಕವಿಯುವ ಮಂಜಿನಿಂದ. ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಲುಕ್ ರಾಕ್ ಮುಂತಾದ ಕಡೆ ಕ್ಯಾಮೆರಾ ನಿಲ್ಲಿಸಿ, ಕಣಿವೆಯ ಚಿತ್ರದ ಜೊತೆಗೆ ಗಾಳಿಯ ಗುಣಮಟ್ಟದ ವಿವರಗಳನ್ನೂ ಕೊಡುತ್ತಾರೆ. ನೂರಾರು ಮೈಲಿ ದೂರದಲ್ಲಿರುವ ಪ್ರವಾಸಿ ಮನೆಯಲ್ಲೇ ಕೂತು ಅದನ್ನು ನೋಡಿ, ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸಬಹುದು.

ಈಗ ಕಾಫಿಯನ್ನು ಕುಡಿಯುವ ಊರಿನಿಂದ ಬೆಳೆಯುವ ಊರಿಗೆ ಬರೋಣ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಿಗೆ ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಕಾರುಗಳ ಸಾಲೇ ಬರುತ್ತದೆ. ಹೊರಡುವ ಮುನ್ನ ಇಲ್ಲಿನ ಬೆಟ್ಟವನ್ನೂ ಪರದೆಯ ಮೇಲೆ ನೋಡುವಂತಾದರೆ ಸಾಕೇ?

ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಆರೇಳು ಕಿಲೋಮೀಟರು ಹೋದರೆ ಮಂಜರಾಬಾದ್ ಕೋಟೆ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 3,240 ಅಡಿ ಎತ್ತರದ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ ಈ ಕೋಟೆ 1792ರಲ್ಲಿ ಮುಗಿಯಿತು. ಕರಾವಳಿಗೆ ಇಳಿಯುವ ದಾರಿಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಸುಲ್ತಾನ ಬಂದಾಗ ಎಲ್ಲೆಲ್ಲೂ ಮಂಜು ಕವಿದಿತ್ತು, ಅದರಿಂದಲೇ ಮಂಜರಾಬಾದ್ ಎಂದು ಹೆಸರಾಯಿತು ಎಂಬುದು ಜನರ ಬಾಯಲ್ಲಿರುವ ಕಥೆ. ನೋಡುವುದಕ್ಕೆಂದೇ ಕಟ್ಟಿದ ಕೋಟೆಗೆ ಏನೂ ಕಾಣದ ಮಂಜಿನ ಹೆಸರು! ಮಳೆಗಾಲದ ಬೆಳಿಗ್ಗೆ ಅಲ್ಲೊಂದು ಕ್ಯಾಮೆರಾ ಇಟ್ಟರೆ ಪರದೆಯ ಮೇಲೆ ಕಾಣುವುದು ಬರೀ ಬಿಳುಪು. ಕೋಟೆ ಕಾಣುತ್ತಿಲ್ಲ ಎಂಬುದನ್ನು ಆ ಚಿತ್ರ ಹೇಳುತ್ತದೆ ನಿಜ. ದಾರಿ ಕುಸಿದಿದೆಯೇ, ಹಳ್ಳ ತುಂಬಿದೆಯೇ ಎಂಬುದನ್ನು ಹೇಳುವುದಿಲ್ಲ.

ಇನ್ನೊಂದು ಕಷ್ಟವೂ ಇದೆ. ಅರಬ್ಬೀ ಸಮುದ್ರದಿಂದ ಬರುವ ನೀರು ತುಂಬಿದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆಯಾಗಿ ಸುರಿಯುತ್ತದೆ. ಅಂಚು ದಾಟಿ ಪೂರ್ವಕ್ಕೆ ಸರಿದಂತೆ ಅದರ ಬಲ ಕುಗ್ಗುತ್ತದೆ. ಹಾಗಾಗಿ ಬಿಸಿಲೆ ಘಾಟಿಯಲ್ಲಿ ಧಾರಾಕಾರ ಸುರಿಯುವಾಗ ಆಲೂರಿನಲ್ಲಿ ಬಿಸಿಲಿರಬಹುದು. ಬಿಸಿಲೆ ಹತ್ತಿರದ ಮಂಕನಹಳ್ಳಿಯ ಏಣಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿ ಸೇರುತ್ತದೆ, ಇನ್ನೊಂದು ಪಾಲು ಪಶ್ಚಿಮಕ್ಕಿಳಿದು ಅರಬ್ಬೀ ಸಮುದ್ರ ಸೇರುತ್ತದೆ. ಒಂದು ಏಣಿನಲ್ಲೇ ಇಷ್ಟು ಭೇದವಿರುವ ಸೀಮೆಯಲ್ಲಿ ಒಂದು ಕಡೆಯ ಚಿತ್ರ ಇನ್ನೊಂದು ಕಡೆಗೆ ಸಾಕ್ಷಿಯಾಗಲಾರದು.

ಇದು ಕಾಫಿ ಬೆಳೆಗಾರರಿಗೆ ಬಹಳ ಹಿಂದೆಯೇ ಗೊತ್ತಿತ್ತು. ತೋಟದ ಬಂಗಲೆಯ ಅಂಗಳದಲ್ಲಿ ಮಳೆ ಮಾಪಕ, ಒಳಗೆ ಮಳೆ ಲೆಕ್ಕದ ಪುಸ್ತಕ, ಇದು ಇಲ್ಲಿನ ವಾಡಿಕೆ. ದೇಶವೆಲ್ಲ ಮಿಲಿಮೀಟರಿಗೆ ಬದಲಾದರೂ ಬೆಳೆಗಾರರ ಮಾತು ಇಂದಿಗೂ ಇಂಚು, ಸೆಂಟುಗಳಲ್ಲೇ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ಫೆಬ್ರವರಿ, ಮಾರ್ಚಿಯಲ್ಲಿ ಹೂಮಳೆ ಬಿದ್ದ ಸಂಜೆ ‘ನಿಮ್ಮಲ್ಲಿ ಎಷ್ಟು ಸೆಂಟಾಯ್ತು?’ ಎಂಬ ಪ್ರಶ್ನೆ ತೋಟದಿಂದ ತೋಟಕ್ಕೆ ಫೋನಿನಲ್ಲಿ ಓಡಾಡುತ್ತದೆ. ವರ್ಷದ ಫಸಲು ಅದರ ಮೇಲೆ ನಿಂತಿರುತ್ತದೆ.

ಸರ್ಕಾರವೂ ಈ ಲೆಕ್ಕವನ್ನು ಕೈಗೆತ್ತಿಕೊಂಡಿತು. ಕರ್ನಾಟಕದಲ್ಲಿ 1988ರಲ್ಲಿ ಬರದ ಮೇಲೆ ನಿಗಾ ಇಡಲು ಶುರುವಾದ ಕೋಶವೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳಲ್ಲಿ ಅದು ನಿಲ್ಲಿಸಿರುವ ಸ್ವಯಂಚಾಲಿತ ಮಳೆ ಮಾಪಕಗಳು ಆರು ಸಾವಿರಕ್ಕೂ ಹೆಚ್ಚು. ಅವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ.

ಬೆಟ್ಟಕ್ಕೆ ಹೋಗುವವನಿಗೆ ಈ ಅಂಕಿಗಳು ಯಾಕೆ? ಕ್ಯಾಮೆರಾ ಈ ಗಳಿಗೆಯನ್ನು ತೋರಿಸುತ್ತದೆ. ಗುಡ್ಡ ಜಾರುವುದು ಈ ಗಳಿಗೆಯ ಮಳೆಯಿಂದಲೇ ಆಗಬೇಕೆಂದಿಲ್ಲ. ವಾರಗಟ್ಟಲೆ ನೀರು ಕುಡಿದು ಮಣ್ಣು ಭಾರವಾದ ಮೇಲೆ ಮಳೆ ಬಿಟ್ಟ ದಿನವೂ ಅದು ಜಾರಬಹುದು. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ದೊಡ್ಡತಪ್ಪಲು ಬಳಿ ಮತ್ತೆ ಮತ್ತೆ ಗುಡ್ಡ ಕುಸಿಯಿತು. ಅದೇ ತಿಂಗಳ 26ರಂದು ಕಡಗರವಳ್ಳಿ, ಯಡಕುಮರಿ ನಿಲ್ದಾಣಗಳ ನಡುವೆ ರೈಲುಹಳಿಯ ಕೆಳಗಿನ ಮಣ್ಣು ಜಾರಿ, ಸುಮಾರು ಎರಡು ವಾರ ಪ್ರಯಾಣಿಕರ ರೈಲುಗಳು ನಿಂತವು. ಇಂಥ ಕಾಲದಲ್ಲಿ ಬಿಸಿಲಿನ ಒಂದು ಚಿತ್ರ ನಂಬಿ ಹೊರಟವನಿಗೆ ಮೋಸವಾಗುತ್ತದೆ. ಹಿಂದಿನ ಹತ್ತು ದಿನದ ಮಳೆ ಲೆಕ್ಕ ನೋಡಿದವನು ಎಚ್ಚರವಾಗಿರುತ್ತಾನೆ.

ಇನ್ನು ಆನೆಯ ಮಾತು. ಸಕಲೇಶಪುರ, ಆಲೂರು ಸೀಮೆಯಲ್ಲಿ ಕಾಡಾನೆಗಳು ಹಗಲು ತೋಟದ ನೆರಳಿನಲ್ಲಿದ್ದು ರಾತ್ರಿ ಗದ್ದೆಗಿಳಿಯುತ್ತವೆ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟಿದ್ದು ಸಕಲೇಶಪುರ ತಾಲ್ಲೂಕಿನಲ್ಲೇ, ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ.

ಬೆಳಗಿನ ಮಬ್ಬಿನಲ್ಲಿ ತೋಟಕ್ಕೆ ನಡೆದು ಹೋಗುವ ಕೂಲಿಯಾಳಿಗೆ, ಶಾಲೆಗೆ ಹೋಗುವ ಮಗುವಿಗೆ, ಈ ದಾರಿಯಲ್ಲಿ ಈಗ ಆನೆ ಇದೆಯೇ ಎಂಬುದು ಜೀವದ ಪ್ರಶ್ನೆ. ಅದಕ್ಕಾಗಿ ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಂಸ್ಥೆ ಸೇರಿ ಒಂದು ಏರ್ಪಾಡು ಮಾಡಿದವು. ಜಾಡು ಹಿಡಿಯುವ ಸಿಬ್ಬಂದಿ ಆನೆ ಎಲ್ಲಿದೆಯೆಂದು ತಿಳಿಸುತ್ತಾರೆ. ಆ ಸುದ್ದಿ ಸುತ್ತಲಿನವರ ಮೊಬೈಲಿಗೆ ಕನ್ನಡದಲ್ಲಿ ಸಂದೇಶವಾಗಿ ಹೋಗುತ್ತದೆ, ರಸ್ತೆ ಕೂಡುವ ಕಡೆ ನಿಲ್ಲಿಸಿದ ಫಲಕಗಳಲ್ಲಿ ಬೆಳಗುತ್ತದೆ. ಕೆಲವು ಹಿಂಡುಗಳ ಒಂದೊಂದು ಆನೆಗೆ ರೇಡಿಯೊ ಕಾಲರ್ ಕೂಡ ತೊಡಿಸಲಾಗಿದೆ. ಗಮನಿಸಬೇಕಾದ ಮಾತೆಂದರೆ, ಇಲ್ಲಿ ಯಂತ್ರದ ಹಿಂದೆ ಕಾಡಿನಲ್ಲಿ ನಡೆಯುವ ಒಬ್ಬ ಮನುಷ್ಯ ಇದ್ದಾನೆ. ಮಂಜಿನಲ್ಲಿ ಕ್ಯಾಮೆರಾಕ್ಕೆ ಕಾಣದ್ದು ಲದ್ದಿ, ಹೆಜ್ಜೆ, ಮುರಿದ ಕೊಂಬೆ ನೋಡಿದ ಅವನಿಗೆ ತಿಳಿಯುತ್ತದೆ.

ಪ್ರವಾಸಿಗಳ ಕಡೆಯ ವ್ಯವಸ್ಥೆಯೂ ಬದಲಾಗಿದೆ. 2024ರ ಜನವರಿ ಕೊನೆಯ ರಜೆಯಲ್ಲಿ ಬಿಸಿಲೆಯಿಂದ ಎದುರಿಗೆ ಕಾಣುವ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದರು. ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ತೆರೆಯಿತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು. ಜಾಗವಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಟಿಕೆಟ್ ಸಿಕ್ಕಿತೆಂದರೆ ಬೆಟ್ಟ ಒಪ್ಪಿತೆಂದು ಮಾತ್ರ ತಿಳಿಯಬಾರದು.

ಹೊರಡುವವನು ಮೂರು ಪ್ರಶ್ನೆ ಕೇಳಿದರೆ ಸಾಕು. ಹಿಂದಿನ ವಾರ ಎಷ್ಟು ಮಳೆಯಾಗಿದೆ? ಘಾಟಿ ರಸ್ತೆ ತೆರೆದಿದೆಯೇ? ಆನೆ ಎಲ್ಲಿದೆ? ಮೊದಲನೆಯದಕ್ಕೆ ಮಾಪಕವಿದೆ. ಉಳಿದವೆರಡಕ್ಕೆ ಪೊಲೀಸರು, ಅರಣ್ಯ ಸಿಬ್ಬಂದಿ, ಊರಿನವರು ಇದ್ದಾರೆ. ಶನಿವಾರದ ಗಿರಾಕಿ ಕೈತಪ್ಪಿದರೂ ಚಿಂತೆಯಿಲ್ಲವೆಂದು ಹೋಂಸ್ಟೇಯವರು ಫೋನಿನಲ್ಲಿ ‘ಈ ವಾರ ಬೇಡಿ ಸಾರ್, ಮಳೆ ಬಿಡಲಿ, ಆಮೇಲೆ ಬನ್ನಿ’ ಎಂದರೆ ಆ ಮಾತನ್ನು ನಂಬಬೇಕು. ತಮ್ಮ ಒಂದು ದಿನದ ಸಂಪಾದನೆ ಬಿಟ್ಟು ಅವರು ಅದನ್ನು ಹೇಳಿರುತ್ತಾರೆ.