ಮಾರ್ಜಿನ್ ಬಿಟ್ಟು ಬರೆಯಿರಿ



ನಾನು ಡ್ರೈವರ್ ಕೋಡ್ ಬರೆಯುವವನು. ಡ್ರೈವರ್ ಎಂದರೆ ಬಸ್ಸಿನ ಚಾಲಕನಲ್ಲ. ಪ್ರಿಂಟರ್, ಕೀಬೋರ್ಡ್‌ಗಳ ಮಾತನ್ನು ಕಂಪ್ಯೂಟರಿಗೆ ಮುಟ್ಟಿಸುವ ತಂತ್ರಾಂಶ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ಇಂಥ ಕೋಡನ್ನು ಸಾವಿರಾರು ಜನ ಕೂಡಿ ಬರೆಯುತ್ತಾರೆ. ಅಲ್ಲಿ ಒಂದು ಟ್ಯಾಬ್ ಎಂದರೆ 8 ಅಕ್ಷರದ ಜಾಗ. ಎಲ್ಲರಿಗೂ ಅದೇ ನಿಯಮ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಲವರು ಬಳಸುವ ಕಡತವೊಂದರಲ್ಲಿ ಎರಡು ಸಾಲು ತಿದ್ದಬೇಕಿತ್ತು. ನಾನು ಇಡೀ ಕಡತವನ್ನೇ ನನ್ನ ರುಚಿಗೆ ಒಪ್ಪ ಮಾಡಿ ಕಳಿಸಿದೆ. ಪರಿಶೀಲಿಸಿದ ಹಿರಿಯರು, "ತಿದ್ದಿದ್ದು ಯಾವುದು, ಸಿಂಗರಿಸಿದ್ದು ಯಾವುದು?" ಎಂದು ವಾಪಸ್ ಕಳಿಸಿದರು. ಬೇರ್ಪಡಿಸಿ ನೋಡಿದರೆ ನನ್ನ ಆ ಎರಡು ಸಾಲಿನಲ್ಲೇ ತಪ್ಪಿತ್ತು! ನೂರಾರು ಸಾಲುಗಳ ನಡುವೆ ಅಡಗಿತ್ತು.

ಈಗ ನಾನೇ ಪರಿಶೀಲಿಸುತ್ತೇನೆ. ಹೊಸಬರಿಗೆ ಹೇಳುವುದಿಷ್ಟೆ: ಕಡತದಲ್ಲಿರುವ ರೂಢಿಯನ್ನೇ ಹಿಡಿಯಿರಿ, ಒಪ್ಪ ಮಾಡುವುದಿದ್ದರೆ ಬೇರೆಯಾಗಿ ಕಳಿಸಿ. ನನಗೆ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ನಾನೂ ಯಾರ ಕೋಡನ್ನೂ ವಾಪಸ್ ಕಳಿಸುವುದಿಲ್ಲ.

ಈ ಶಾಲೆಯಲ್ಲಿ ಗುರುಗಳು "ಮಾರ್ಜಿನ್ ಬಿಟ್ಟು ಬರೆಯಿರಿ" ಎನ್ನುತ್ತಿದ್ದರು. ಅಂದಕ್ಕಾಗಿ ಎಂದುಕೊಂಡಿದ್ದೆ. ಓದುವವರಿಗೆ ನಮ್ಮ ತಪ್ಪು ಕಾಣಲಿ, ತಿದ್ದಲು ಜಾಗವಿರಲಿ ಎಂದು ಹಾಗೆ ಹೇಳಿದ್ದೆಂದು ಈಗ ತಿಳಿಯಿತು. ಆ ಗುರುಗಳಿಗೆ ನನ್ನ ನಮಸ್ಕಾರ.