ಆಫರ್ ಮೇಲೆ ಆಫರ್: ಕೊನೆಗೆ ಉಳಿದದ್ದೆಷ್ಟು?

ಹಬ್ಬದ ಸೇಲ್ ಶುರುವಾಯ್ತು ಅಂದ್ರೆ ಸಾಕು, ಬೆಳಗ್ಗೆ ಹಲ್ಲುಜ್ಜೋಕೂ ಬಿಡಲ್ಲ, ಮೊಬೈಲು ಟಣ್ ಟಣ್ ಅನ್ನುತ್ತೆ. ಶೇಕಡಾ 60 ರಿಯಾಯಿತಿ. ಅದರ ಮೇಲೆ ಕೂಪನ್. ಅದರ ಮೇಲೆ ಕಾರ್ಡಿನ ಆಫರ್. ಅದರ ಮೇಲೆ ಕ್ಯಾಶ್‌ಬ್ಯಾಕ್. ಎಲ್ಲ ಸೇರಿಸಿ ನೋಡಿದ್ರೆ ಅಂಗಡಿಯವನೇ ನಮಗೆ ದುಡ್ಡು ಕೊಟ್ಟು ಕಳಿಸ್ತಾನೇನೋ ಅನ್ನಿಸಬೇಕು!

ಮೊನ್ನೆ ನಾನು ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿತ್ತು. ಕಿಟಕಿಯಿಂದ ನೋಡ್ತೀನಿ, ಕೊರಿಯರ್ ಹುಡುಗನೊಬ್ಬ ತನಗಿಂತ ದೊಡ್ಡ ಚೀಲವನ್ನು ಬೈಕಿಗೆ ಹೇರಿಕೊಂಡು ಹಳ್ಳಿ ದಾರಿ ಹಿಡಿದ. ಹತ್ತು ವರ್ಷದ ಹಿಂದೆ ಈ ಕಡೆ ಹಳ್ಳಿಗೆ ಪಾರ್ಸಲ್ ಬಂತು ಅಂದ್ರೆ ಅದು ಊರಿಗೆಲ್ಲ ಸುದ್ದಿ. ಈಗ ಅಡಿಕೆ ಸುಲಿಯೋ ಮನೆಯಲ್ಲೂ ಸೇಲ್ ಯಾವತ್ತು ಅಂತ ಗೊತ್ತು.

ಸೊರಬದಲ್ಲಿ ನನ್ನ ಅಕ್ಕನ ಮಗಳಿದ್ದಾಳೆ. ಅವಳ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್. ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಸಾಲು ಸಾಲು ಲೆಕ್ಕ. “ಏನೇ ಪುಟ್ಟಿ ಇದು?” ಅಂದೆ. “ಆನ್‌ಲೈನ್ ಲೆಕ್ಕ ಮಾವ, ಇಲ್ಲಾಂದ್ರೆ ಅವರು ಹೇಳಿದ್ದನ್ನೇ ನಂಬಬೇಕಾಗುತ್ತೆ” ಅಂದ್ಲು.

ಅವಳು ಮಿಕ್ಸಿ ತಗೊಂಡ ಲೆಕ್ಕ ಹೇಳ್ತೀನಿ, ಕೇಳಿ. ಡಬ್ಬದ ಮೇಲಿನ ಎಂಆರ್‌ಪಿ 7,000. ಆ್ಯಪ್‌ನಲ್ಲಿ 5,200. ಕೂಪನ್ ಹಾಕಿದ್ಲು, 200 ಹೋಯ್ತು, 5,000. ಕಾರ್ಡಿಗೆ ಶೇಕಡಾ 10 ತಕ್ಷಣದ ರಿಯಾಯಿತಿ, 500 ಹೋಯ್ತು, 4,500. ಶೇಕಡಾ 2 ಕ್ಯಾಶ್‌ಬ್ಯಾಕ್ 90 ರೂಪಾಯಿ, ಕಾರ್ಡಿನ ಪಾಯಿಂಟ್ 45 ರೂಪಾಯಿ. ಕೊನೆಗೆ ಬಿದ್ದದ್ದು 4,365.

ಹಾಗಾದ್ರೆ ಉಳಿದದ್ದೆಷ್ಟು? ಎಂಆರ್‌ಪಿಯಿಂದ ಎಣಿಸಿದ್ರೆ 2,635. ಆ್ಯಪ್ ಎದೆ ತಟ್ಟಿಕೊಂಡು ತೋರಿಸೋದು ಈ ಲೆಕ್ಕವನ್ನೇ. ಆ್ಯಪ್ ದರದಿಂದ ಎಣಿಸಿದ್ರೆ 835. ಆದರೆ ನಮ್ಮ ಹುಡುಗಿ ಪೇಟೆಯ ಅಂಗಡಿಯಲ್ಲೂ ಅದೇ ಮಿಕ್ಸಿಗೆ ಚೌಕಾಸಿ ಮಾಡಿ ಬಂದಿದ್ಲು. ಅವರು 4,900ಕ್ಕೆ ಕೊಡ್ತೀನಿ ಅಂದಿದ್ರು. ಅಂದ್ರೆ ನಿಜವಾಗಿ ಉಳಿದದ್ದು 535 ರೂಪಾಯಿ. ಮಿಕ್ಸಿ ಒಂದೇ, ಉಳಿತಾಯ ಮೂರು! ಕ್ಯಾಲೆಂಡರಿನಲ್ಲಿ ಅವಳು ಬರೆದದ್ದು ಮೂರನೆಯದನ್ನು ಮಾತ್ರ.

535 ಕಡಿಮೆ ದುಡ್ಡಲ್ಲ ಸ್ವಾಮಿ. ಹಾಗಾಗಿ ಆಫರ್ ಬಳಸಬೇಡಿ ಅಂತ ನಾನು ಹೇಳಲ್ಲ. ಬಳಸಿ, ಆದರೆ ಅದರ ವರಸೆ ತಿಳ್ಕೊಂಡು ಬಳಸಿ. ಹತ್ತು ಪರ್ಸೆಂಟು ಮೇಲೆ ಹತ್ತು ಪರ್ಸೆಂಟು ಅಂದ್ರೆ ಇಪ್ಪತ್ತಲ್ಲ, ಹತ್ತೊಂಬತ್ತು. ಎರಡನೇ ರಿಯಾಯಿತಿ ಸಿಗೋದು ಉಳಿದ 90ರ ಮೇಲೆ ಮಾತ್ರ. ಕಾರ್ಡಿನ ಆಫರ್‌ಗೆ ಸಾಮಾನ್ಯವಾಗಿ ಎರಡು ಬೇಲಿ: ಕನಿಷ್ಠ ಇಷ್ಟು ಖರೀದಿ ಆಗಬೇಕು, ರಿಯಾಯಿತಿ ಇಷ್ಟನ್ನು ಮೀರಬಾರದು. ಮೊದಲನೇ ಬೇಲಿ ದಾಟೋಕೆ ಅಂತ ಬೇಡದ ಸಾಮಾನು ಬುಟ್ಟಿಗೆ ಹಾಕಿದ್ರೆ ಮುಗೀತು ಕಥೆ. ಗಿಫ್ಟ್ ಕಾರ್ಡಿನಲ್ಲಿ ಅರ್ಧ ದುಡ್ಡು ಕಟ್ಟಿದ್ರೆ, ಕಾರ್ಡಿನ ರಿಯಾಯಿತಿ ಬಹಳ ಕಡೆ ಉಳಿದರ್ಧಕ್ಕೇ ಸಿಗುತ್ತೆ, ಕೆಲವು ಕಡೆ ಸಿಗೋದೇ ಇಲ್ಲ. ಕ್ಯಾಶ್‌ಬ್ಯಾಕ್ ಬರೋದು ಹೆಚ್ಚಾಗಿ ವಾಪಸ್ ಮಾಡೋ ಅವಧಿ ಮುಗಿದ ಮೇಲೆ. ಅದು ಖಾತೆಗೆ ಬೀಳೋವರೆಗೆ ಲೆಕ್ಕಕ್ಕೆ ಹಿಡೀಬೇಡಿ.

ಇನ್ನು ದಿನಬಳಕೆ ಸಾಮಾನು. ಸೋಪಿನ ಪುಡಿ, ಎಣ್ಣೆ, ಬೇಳೆ. ದೊಡ್ಡ ಪ್ಯಾಕೆಟ್ಟೇ ಅಗ್ಗ ಅಂತ ಕಣ್ಮುಚ್ಚಿ ನಂಬಬೇಡಿ. ಪೊಟ್ಟಣದ ಸಾಮಾನಿನ ಮೇಲೆ ಗ್ರಾಮಿಗೆ, ಕಿಲೋಗೆ ಇಷ್ಟು ಅಂತ ಬಿಡಿ ದರ ಅಚ್ಚು ಹಾಕಬೇಕು ಅನ್ನೋ ನಿಯಮ ಇದೆ. ಅದನ್ನು ಓದಿ ಹೋಲಿಸಿ.

ಈಗ ನನ್ನ ಮಾನ ನಾನೇ ಕಳೆದುಕೊಳ್ತೀನಿ. ಒಂದು ಹಬ್ಬಕ್ಕೆ ಇದೇ ಥರ ಆಫರ್ ಜೋಡಿಸಿ 1,200 ಉಳಿಸಿದೆ ಅಂತ ಆಫೀಸಿನಲ್ಲಿ ಬೀಗಿದ್ದೆ. ಕಾರ್ಡಿನ ಬಿಲ್ 12,000 ಬಂತು. ಅದರಲ್ಲಿ ‘ಕನಿಷ್ಠ ಪಾವತಿ 600’ ಅಂತಿತ್ತು. ಕಟ್ಟಿದೆ, ಮರೆತೆ. ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ, ವರ್ಷಕ್ಕೆ 42! 12,000ಕ್ಕೆ ತಿಂಗಳ ಬಡ್ಡಿ 420, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು ಹತ್ತಿರ ಹತ್ತಿರ 495. ನಾನು ಕಟ್ಟಿದ 600ರಲ್ಲಿ ಅಸಲಿಗೆ ಹೋದದ್ದು ನೂರು ಚಿಲ್ಲರೆ. ಮೂರು ತಿಂಗಳಲ್ಲಿ ನನ್ನ 1,200 ಮಂಗಮಾಯ. ದಿನಾ ರಾತ್ರಿ ನಿಮಗೆ ಬುದ್ಧಿ ಹೇಳೋ ನಾನೇ ಹೀಗೆ ಬಿದ್ದೆ. ಪೂರ್ತಿ ಬಿಲ್ ಕಟ್ಟೋಕೆ ಆಗಲ್ಲ ಅಂದ್ರೆ ಕಾರ್ಡಿನ ಆಫರ್ ನಿಮಗಲ್ಲ. ಇದಕ್ಕೆ ವಿನಾಯಿತಿ ಇಲ್ಲ.

‘ಬಡ್ಡಿ ಇಲ್ಲದ ಇಎಂಐ’ ಅಂತ ಇನ್ನೊಂದಿದೆ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿಯಷ್ಟು ರಿಯಾಯಿತಿ ಮೊದಲೇ ತೋರಿಸ್ತಾರೆ, ಆಮೇಲೆ ಬ್ಯಾಂಕು ಬಡ್ಡಿ ಹಾಕುತ್ತೆ, ಆ ಬಡ್ಡಿ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೆ. ಸಂಸ್ಕರಣಾ ಶುಲ್ಕ 199 ಅಂದ್ರೆ ತೆರಿಗೆ ಸೇರಿ 234 ರೂಪಾಯಿ 82 ಪೈಸೆ.

‘ಇನ್ನು ಎರಡೇ ಉಳಿದಿವೆ’ ಅಂತ ಸುಳ್ಳು ಅವಸರ ಹುಟ್ಟಿಸೋದು, ಕೇಳದೆ ಬುಟ್ಟಿಗೆ ವಿಮೆ ತುರುಕೋದು, ಕೊನೆ ಪುಟದಲ್ಲಿ ಹೊಸ ಶುಲ್ಕ ತೋರಿಸೋದು, ಇವನ್ನೆಲ್ಲ ಸೇರಿಸಿ ಇಂಥ 13 ಕುತಂತ್ರಗಳನ್ನು ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಮೋಸ ಅನ್ನಿಸಿದ್ರೆ 1915ಕ್ಕೆ ಫೋನ್ ಮಾಡಿ. ಆಫರ್ ಲಿಂಕ್ ಒತ್ತಿ ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ.

ಇಷ್ಟೆಲ್ಲ ಕೇಳಿಸಿಕೊಂಡು ನಾನು ಹೊರಡುವಾಗ ಕ್ಯಾಲೆಂಡರಿನ ಮೂಲೆಯಲ್ಲಿ ಇನ್ನೊಂದು ಸಾಲು ಕಂಡಿತು: ‘ಅಜ್ಜನ ಅಂಗಡಿ, ಅಕ್ಕಿ, ಬೇಳೆ, ಎಣ್ಣೆ.’ ಅದರ ಮುಂದೆ ಉಳಿತಾಯದ ಲೆಕ್ಕವೇ ಇಲ್ಲ. “ಇಲ್ಲಿ ಆಫರ್ ಇಲ್ವೇನೇ?” ಅಂತ ಛೇಡಿಸಿದೆ. ಅವಳು ನಗಲಿಲ್ಲ.

“2020ರಲ್ಲಿ ಲಾಕ್‌ಡೌನ್ ಆದಾಗ ಯಾವ ಆ್ಯಪೂ ನಮ್ಮೂರಿಗೆ ಬರ್ಲಿಲ್ಲ ಮಾವ. ಇವರ ಕೈಯಲ್ಲಿ ದುಡ್ಡಿರ್ಲಿಲ್ಲ. ಅಜ್ಜ ಎರಡು ತಿಂಗಳು ಉದ್ರಿ ಕೊಟ್ರು. ಈಗ್ಲೂ ಅಡಿಕೆ ದುಡ್ಡು ಬರೋವರೆಗೆ ಕೇಳಲ್ಲ. ನಾವೆಲ್ಲ ಆ್ಯಪ್ ಹಿಡ್ಕೊಂಡ್ರೆ ಅವರು ಬಾಗಿಲು ಹಾಕ್ತಾರೆ. ಆಮೇಲೆ ಉದ್ರಿ ಯಾರು ಕೊಡ್ತಾರೆ?”

ನಾನು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಆರು ಸಾವಿರದ ಸಾಮಾನು, ನಾಲ್ಕು ತಿಂಗಳ ಉದ್ರಿ. ಅದನ್ನೇ ಕಾರ್ಡಿನಲ್ಲಿ ಬಾಕಿ ಇಟ್ಟಿದ್ರೆ ಬಡ್ಡಿಯೇ 840 ರೂಪಾಯಿ, ತೆರಿಗೆ ಬೇರೆ. ಆ ಅಜ್ಜ ಅದನ್ನು ಯಾವ ಬೋರ್ಡಿನಲ್ಲೂ ಬರೆದುಕೊಂಡಿಲ್ಲ.

ಮಿಕ್ಸಿ ಆನ್‌ಲೈನ್‌ನಲ್ಲಿ ತಗೊಳ್ಳಿ, 535 ಉಳಿಸಿ, ಸಂತೋಷ. ಆದರೆ ಇವತ್ತು ರಾತ್ರಿ ಬಟನ್ ಒತ್ತೋ ಮುಂಚೆ ಒಂದು ಚೀಟಿಯಲ್ಲಿ ಮೂರೇ ಸಾಲು ಬರೀರಿ: ನಮ್ಮೂರ ಅಂಗಡಿಯ ದರ ಎಷ್ಟು, ಎಲ್ಲ ಕಳೆದು ನನ್ನ ಕೈಯಿಂದ ಹೋಗೋದೆಷ್ಟು, ಬಿಲ್ ಕಟ್ಟೋ ತಾರೀಕು ಯಾವುದು. ಮೂರನೇ ಸಾಲು ಬರೆಯೋಕೆ ಕೈ ನಡುಗಿದ್ರೆ ಮೊಬೈಲ್ ಕೆಳಗಿಟ್ಟು ಮಲಗಿ. ಸೇಲ್ ಮುಂದಿನ ತಿಂಗಳೂ ಬರುತ್ತೆ.